ಕುಡುಗೋಲ ಹಕ್ಕಿಗಳು ತೆರೆಗುಡ್ಡಕ್ಕೆ ಇಳಿದ ದಿನ

ಏರುಗಡಲಿನ ನೂರಾ ತೊಂಬತ್ತನೆಯ ವರ್ಷ,
ವಸಂತದ ಎರಡನೆಯ ಹುಣ್ಣಿಮೆಯ ನಂತರದ ವಾರ,
ತೆರೆಗುಡ್ಡ ದ್ವೀಪ

ನಮ್ಮ ಹಿಂದಿನವರಿಗೆ,

ಮೇಲೆ ಬರೆದ ವರ್ಷ ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಕಡಲು ಊರೊಳಗೆ ಬಂದು, ಮರಳಿ ಹೋಗದೆ ಅಲ್ಲೇ ನಿಂತ ವರ್ಷದಿಂದ ನಾವು ಕಾಲವನ್ನು ಎಣಿಸುತ್ತೇವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನೀವು ಬಿಟ್ಟುಹೋದ ಕನ್ನಡವನ್ನೇ ಬಳಸುತ್ತಿದ್ದೇವೆ, ಉಪ್ಪುಗಾಳಿಗೆ ಅದೂ ಸ್ವಲ್ಪ ಬಣ್ಣ ಕಳೆದುಕೊಂಡಿದೆ. ಈ ಕಾಗದ ನಿಮ್ಮನ್ನು ಮುಟ್ಟುವ ದಾರಿ ಯಾವುದೆಂದು ನನಗೆ ಗೊತ್ತಿಲ್ಲ. ಮುಂದಿನವರಿಗೆಂದು ನಿಮ್ಮ ಕಾಲದವರು ಬರೆದದ್ದು ನಮಗೆ ಬೇಕಾದಷ್ಟು ಸಿಕ್ಕಿದೆ. ಹಿಂದಕ್ಕೂ ಒಂದು ಹೋಗಲಿ ಎಂದು ಕೂತಿದ್ದೇನೆ.

ನನ್ನ ಹೆಸರು ಮಾದೇವಿ ಅಂಬಿಗ. ತೆರೆಗುಡ್ಡದ ಬಾನ್ಗಾವಲು ನನ್ನ ಕೆಲಸ. ನಿಮ್ಮ ಕಾಲದಲ್ಲಿ ಇದು ದ್ವೀಪವಾಗಿರಲಿಲ್ಲ, ಕರಾವಳಿಯ ಒಂದು ಪೇಟೆಯ ಹಿಂದಿದ್ದ ಗುಡ್ಡವಾಗಿತ್ತು. ಪೇಟೆ ಈಗ ನೀರಿನಡಿ ಇದೆ, ಗುಡ್ಡದ ಮೇಲೆ ನಾವಿದ್ದೇವೆ. ಬಾನ್ಗಾವಲು ಎಂದರೆ ವಸಂತದ ದಿನಗಳಲ್ಲಿ ಬೆಳಕು ಹರಿಯುತ್ತಲೇ ತೆಂಕಣ ಬಂಡೆಯ ಮೇಲೆ ನಿಂತು, ದಕ್ಷಿಣದಿಂದ ಏನು ಬಂತು, ಏನು ಇಳಿಯಿತು, ಏನು ಉತ್ತರಕ್ಕೆ ದಾಟಿತು ಎಂದು ನೋಡುವುದು. ನೋಡಿದ್ದನ್ನು ರೇಡಿಯೋದಲ್ಲಿ ಮುಂದಿನ ದ್ವೀಪಕ್ಕೆ ಹೇಳುತ್ತೇವೆ. ನಮಗೆ ದಕ್ಷಿಣದ ದ್ವೀಪ ಹೇಳುತ್ತದೆ. ಇದಕ್ಕೆ ಬೆಳಗಿನ ಕೂಗು ಎನ್ನುತ್ತೇವೆ. ದ್ವೀಪದಿಂದ ದ್ವೀಪಕ್ಕೆ ಹಬ್ಬುವ ಈ ಕೂಗಿನಲ್ಲಿ ಹಕ್ಕಿಯ ಸುದ್ದಿಯ ಬೆನ್ನಿಗೇ ಯಾರಿಗೆ ಮಗು ಹುಟ್ಟಿತು, ಎಲ್ಲಿ ಜ್ವರ ಬಂತು, ಯಾರ ದೋಣಿ ಕಾಣೆಯಾಯಿತು ಎನ್ನುವುದೂ ಬರುತ್ತದೆ.

ಒಳ್ಳೆಯ ವಸಂತದ ಬೆಳಗು ಹೇಗಿರುತ್ತದೆ ಎಂದು ಹೇಳಬೇಕು. ಮೊದಲು ರೀವ ಹಕ್ಕಿಗಳು ನೀರಿಗೆ ಅಂಟಿಕೊಂಡೇ ಹಾರುತ್ತ ಬರುತ್ತವೆ. ಬಿಸಿಲು ಬಂಡೆ ಮುಟ್ಟುವ ಹೊತ್ತಿಗೆ ಕುಂಡೆಕುಸ್ಕಗಳು ಬಾಲ ಆಡಿಸುತ್ತ ನಮ್ಮ ಮೀನು ಒಣಗಿಸುವ ಚಾಪೆಗಳ ಮೇಲೆಲ್ಲ ಓಡಾಡುತ್ತವೆ. ಕಳ್ಳಿಪೀರಗಳು ಬಟ್ಟೆ ಹಗ್ಗದ ಮೇಲೆ ಸಾಲಾಗಿ ಕೂತರೆ ಹೆಂಗಸರು ಬಟ್ಟೆ ತೆಗೆಯಲು ಹೋಗುವುದಿಲ್ಲ. ಹಂದಿಮೀನುಗಳು ಕೊಲ್ಲಿಯ ಬಾಯಲ್ಲಿ ಬೆನ್ನು ತೋರಿಸುತ್ತವೆ. ಪಡುವಣ ಸಂದಿಯಲ್ಲಿ ಒಂದು ನೀರುನಾಯಿ ಕುಟುಂಬವಿದೆ, ಅದರ ಮರಿಗಳು ಏಡಿಯೊಂದಕ್ಕೆ ಜಗಳವಾಡುವುದನ್ನು ನೋಡಿದರೆ ನಮ್ಮ ಓಣಿಯ ಮಕ್ಕಳೇ ನೆನಪಾಗುತ್ತಾರೆ.

ಇಲ್ಲಿನ ಬದುಕು ನಿಂತಿರುವುದು ಗಾಳಿಗಂಬದ ಮೇಲೆ; ಬರೀ ಗಂಬ ಎನ್ನುತ್ತೇವೆ. ಗುಡ್ಡದ ತೆಂಕಣ ಅಂಚಾದ ಏಣಿನ ಮೇಲೆ ಅದು ಮೂರು ಉದ್ದ ಕೈಗಳನ್ನು ತಿರುಗಿಸಿಕೊಂಡು ನಿಂತಿದೆ. ಅದು ತಿರುಗಿದರೆ ಮಾತ್ರ 'ತಣಿಸು' ಓಡುತ್ತದೆ. ಕಡಲನೀರಿನಿಂದ ಉಪ್ಪು ಬಿಡಿಸುವ ಯಂತ್ರಕ್ಕೆ ನಾವಿಟ್ಟ ಹೆಸರು ಅದು. ಬಾವಿಗಳು ನನ್ನ ಅಜ್ಜಿಯ ಕಾಲಕ್ಕೇ ಉಪ್ಪಾದವು. ಗಂಬದ ಬುಡದಲ್ಲಿ, ಏಣಿನ ಉತ್ತರ ಮಗ್ಗುಲ ಕೆಳಗೆ, ನೀರಿಳಿದಾಗ ಒಂದು ಕೆಸರು ಬಯಲು ತೆರೆದುಕೊಳ್ಳುತ್ತದೆ. ದಣಿದು ಬಂದ ಉದ್ದ ಕಾಲಿನ ಹಕ್ಕಿಗಳಿಗೆ ಹುಳು, ಏಡಿ ಸಿಗುವ ಜಾಗ ಇಡೀ ದ್ವೀಪದಲ್ಲಿ ಅದೊಂದೇ, ಉಳಿದದ್ದೆಲ್ಲ ಬಂಡೆ. ಆದ್ದರಿಂದ ದೊಡ್ಡ ಹಿಂಡು ಬಂದಾಗ, ಹಕ್ಕಿಗಳು ಕೈಗಳಿಗೆ ಬಡಿಯದಿರಲೆಂದು, ಗಂಬವನ್ನು ನಿಲ್ಲಿಸಬೇಕೆಂಬುದು ಹಿರಿಯರು ಮಾಡಿದ ಕಟ್ಟಳೆ. ತೊಟ್ಟಿ ತುಂಬಿದ ವರ್ಷಗಳಲ್ಲಿ ಅದನ್ನು ಪಾಲಿಸುವುದು ಯಾರಿಗೂ ಕಷ್ಟವೆನಿಸಿರಲಿಲ್ಲ.

ಈ ವಸಂತದಲ್ಲಿ ಗಾಳಿ ಸತ್ತಿತು. ಕಡಲು ಎಣ್ಣೆ ಸುರಿದಂತೆ ಮಲಗಿತು. ಗಂಬದ ಕೈಗಳು ಅಲುಗಲಿಲ್ಲ. ಹುಟ್ಟು ಹಾಕಿಕೊಂಡು ಘಟ್ಟದ ಬುಡದ ಊರಿಗೆ ಹೋದ ದೋಣಿ ತಂದ ನೀರು ಮಕ್ಕಳಿಗೇ ಸಾಲಲಿಲ್ಲ. ತೊಟ್ಟಿಯ ತಳದ ನೀರು ಕುಡಿದವರಿಗೆ ವಾಂತಿ, ಭೇದಿ ಹತ್ತಿತು. ಆ ಕಾಯಿಲೆಗೆ ಮದ್ದೆಂದರೆ ಶುದ್ಧ ನೀರು, ಇಲ್ಲದ್ದೂ ಅದೇ. ಮಲಗಿದವರಲ್ಲಿ ರೊಜಲಿನಾ ಒಬ್ಬಳು. ಗಂಬ ನೋಡಿಕೊಳ್ಳುವ ಇನಾಸ್ ಲೋಪೀಸನ ಹೆಂಡತಿ, ನನ್ನ ಬಾಲ್ಯದ ಗೆಳತಿ. ಮೂವತ್ತು ವಸಂತ ನನ್ನ ಪಕ್ಕ ಬಂಡೆಯ ಮೇಲೆ ನಿಂತು, ನನಗಿಂತ ಮೊದಲೇ ಹಕ್ಕಿ ಕಂಡು ನನ್ನನ್ನು ರೇಗಿಸಿದವಳು. ದೋಣಿ ಕಟ್ಟುವ ಗಣಪು ಹರಿಕಂತ್ರನೂ ಹಾಸಿಗೆ ಹಿಡಿದಿದ್ದ. ಅವನ ಮಗಳು ಸುಕ್ರಿ ಒದ್ದೆ ಬಟ್ಟೆಯಿಂದ ಅಪ್ಪನ ತುಟಿ ಒರೆಸುತ್ತ ಕೂತಿರುತ್ತಿದ್ದಳು.

ಹಕ್ಕಿಗಳೂ ತಡವಾಗಿದ್ದವು. ನಾನು ಕಾಯುತ್ತಿದ್ದದ್ದು ಕುಡುಗೋಲ ಹಕ್ಕಿಯನ್ನು. ಕೊಕ್ಕು ಕುಡುಗೋಲಿನಂತೆ ಕೆಳಕ್ಕೆ ಬಾಗಿರುವುದರಿಂದ ಆ ಹೆಸರು. ನಿಮ್ಮಲ್ಲಿ ಬೇರೆ ಹೆಸರಿದ್ದೀತು. ಕಂದು ಬಣ್ಣ, ನೆತ್ತಿಯ ಮೇಲೆ ಪಟ್ಟೆ. ಒಂದೇ ಉಸಿರಿಗೆ ಏಳು ಸಲ ಸಿಳ್ಳೆ ಹಾಕುತ್ತದೆ. ನಮ್ಮ ದಾರಿಯಲ್ಲಿ ಹೋಗುವ ಅದರ ಹಿಂಡುಗಳು ಒಂದೊಂದಾಗಿ ಕಡಿಮೆಯಾಗಿ ಈಗ ಒಂದೇ ಉಳಿದಿದೆ.

ಒಂದು ಬೆಳಗ್ಗೆ ವಾಯವ್ಯದಿಂದ ಗಾಳಿ ಎದ್ದಿತು. ಗಂಬ ಕಿರುಗುಟ್ಟಿ ತಿರುಗಿದಾಗ ಮನೆಮನೆಯಿಂದ ಜನ ಹೊರಬಂದು ಅತ್ತರು. ಕೊಡಗಳನ್ನು ಹಿಡಿದು ತಣಿಸಿನ ಬಾಗಿಲಿಗೆ ಓಡಿದರು. ಅದೇ ಹೊತ್ತಿಗೆ ರೇಡಿಯೋದಲ್ಲಿ ದಕ್ಷಿಣ ದ್ವೀಪದ ಮೈಮೂನಾ ಕೂಗಿದಳು. ಅವಳ ಮುಖ ನಾನು ಕಂಡಿಲ್ಲ, ದನಿ ಮಾತ್ರ ಗೊತ್ತು.

"ಮಾದೇವಿ, ಕುಡುಗೋಲು ನಿಮ್ಮ ಕಡೆ ಹೊರಟಿವೆ. ಇಡೀ ಹಿಂಡು. ನಮ್ಮಲ್ಲಿ ಇಳೀಲಿಕ್ಕೆ ಕೆಸರೇ ಉಳಿದಿಲ್ಲ ಈ ಸಲ, ಹಾಗೇ ಹೋದವು. ಎದುರುಗಾಳಿ. ತೀರಾ ಕೆಳಗೆ ಹಾರ್ತಾ ಇವೆ."

ಕೆಳಗೆ ಎಂದರೆ ಗಂಬದ ಕೈಗಳ ಎತ್ತರ. ನಮಗೆ ನೀರು ತಂದ ಗಾಳಿಯೇ ಅವುಗಳನ್ನು ಒತ್ತಿ ಕೆಳಕ್ಕಿಳಿಸಿತ್ತು.

ನಾನು ಏಣಿನ ಮೇಲೆ ಓಡಿದೆ. ಇನಾಸ್ ಬ್ರೇಕಿನ ಸನ್ನೆಕೋಲಿನ ಪಕ್ಕದಲ್ಲೇ ನಿಂತಿದ್ದ. ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಗಿದ್ದವು. ನನ್ನನ್ನು ಕಂಡೊಡನೆ ಅವನಿಗೆ ತಿಳಿಯಿತು.

"ಹೇಳ್ಬೇಡ," ಎಂದ.

"ಕುಡುಗೋಲು ಬರ್ತಾ ಇವೆ, ಇನಾಸ್. ಇನ್ನೊಂದು ಹಿಂಡು ಇಲ್ಲ."

"ನನಗೂ ಇನ್ನೊಬ್ಬಳು ರೊಜಲಿನಾ ಇಲ್ಲ."

ನಾನು ಕಟ್ಟಳೆಯ ಮಾತೆತ್ತಿದೆ. ಅವನು ಸಿಟ್ಟಾಗಲಿಲ್ಲ. "ಕಟ್ಟಳೆ ಮಾಡಿದವರಿಗೆ ಬಾಯಾರಿರಲಿಲ್ಲ, ಮಾದೇವಿ. ನೀನೇ ಹೋಗಿ ಅವಳ ಹತ್ರ ಹೇಳು, ನಿಲ್ಲಿಸ್ತೇವೆ ಅಂತ. ಅವಳು ಹೂಂ ಅಂದ್ರೆ ನಿಲ್ಲಿಸ್ತೇನೆ. ಅವಳಿಗೆ ಈಗ ನನ್ನ ಗುರುತೂ ಹತ್ತುದಿಲ್ಲ," ಎಂದು ಮುಖ ತಿರುಗಿಸಿದ.

ನನ್ನ ಗೆಳತಿಯ ಬಾಯಿಂದ ನೀರು ಕಸಿಯಲು ನಾನೇ ಬಂದು ನಿಂತಿದ್ದೆ. ಕೆಳಗೆ ಕೊಡ ತುಂಬುವ ಸದ್ದು ಕೇಳುತ್ತಿತ್ತು.

ಆಗ ಹೊಳೆದದ್ದು ಹಾಯಿ. ಗಂಬ ನಿಲ್ಲದಿದ್ದರೆ ಹಿಂಡನ್ನಾದರೂ ತಿರುಗಿಸಬೇಕು. ಏಣಿನ ತುದಿಯಲ್ಲಿ ಅಡ್ಡಲಾಗಿ ಹಾಯಿಗಳನ್ನು ಎತ್ತಿ ಹಿಡಿದರೆ ಹಕ್ಕಿಗಳು ಬೆದರಿ ಮೂಡಣಕ್ಕೆ ಸುತ್ತಿ, ಪಕ್ಕದಿಂದ ಕೆಸರಿಗೆ ಇಳಿಯಬಹುದು. ಗಣಪುವಿನ ಮನೆಗೆ ಹೋಗಿ ಹೇಳಿದೆ. ಅವನು ಕಣ್ಣು ತೆರೆಯದೆಯೇ, "ಕೆಂಪು ಹಾಯಿ ತಕ್ಕೊಂಡು ಹೋಗಿ, ಅದು ದೂರಕ್ಕೆ ಕಾಣ್ತದೆ. ಸುಕ್ರಿ, ನೀನೂ ಹೋಗು," ಎಂದ. ಸುಕ್ರಿ ಅಪ್ಪನನ್ನು ಬಿಟ್ಟು ಏಳಲು ಒಂದು ಕ್ಷಣ ಹಿಂಜರಿದಳು. ಆಮೇಲೆ ಹಾಯಿಯ ಸುರುಳಿಯನ್ನು ಹೆಗಲಿಗೇರಿಸಿದಳು.

ನಿಲ್ಲಲು ಶಕ್ತಿಯಿದ್ದವರೆಲ್ಲ ಬಂದರು. ಹಾಯಿ ಕಟ್ಟಿದ ಬಿದಿರುಗಳನ್ನು ಇಬ್ಬಿಬ್ಬರು ಹಿಡಿದೆವು. ಬಟ್ಟೆ ಗಾಳಿ ತುಂಬಿಕೊಂಡು ನಮ್ಮನ್ನೇ ಎಳೆದಾಡಿತು. ಬಿಸಿಲಮಂಜಿನಿಂದ ದಕ್ಷಿಣ ಕುರುಡಾಗಿತ್ತು. ಏನೂ ಕಾಣದೆ, ಬೆನ್ನ ಹಿಂದೆ ಗಂಬದ ಕೈಗಳು ಹೂಂಕರಿಸುವುದನ್ನು ಕೇಳುತ್ತ ನಿಂತಿದ್ದೆವು. ಮೊದಲು ಬಂದದ್ದು ಸಿಳ್ಳೆ. ಆಮೇಲೆ ನೀರಿನ ಮೇಲೊಂದು ಕಪ್ಪು ಗೆರೆ ಮೂಡಿತು, ಮುರಿಯಿತು, ಮತ್ತೆ ಕೂಡಿತು. ರೆಕ್ಕೆಗಳು ಎಷ್ಟು ನಿಧಾನವಾಗಿ ಬೀಸುತ್ತಿದ್ದವೆಂದರೆ ಪ್ರತಿ ಬೀಸಿನ ಬಳಿಕ ಇನ್ನೊಂದು ಇದೆಯೋ ಇಲ್ಲವೋ ಎನಿಸುತ್ತಿತ್ತು.

"ಎತ್ತಿ!" ಎಂದು ಕೂಗಿದೆ. ಹಾಯಿಗಳು ಎದ್ದವು. ಹಿಂಡಿನ ಮುಂಭಾಗ ನಮ್ಮ ತಲೆಯ ಮುಂದೆ ಒಮ್ಮೆಲೇ ಹೊರಳಿ ಮೂಡಣಕ್ಕೆ ಜಾರಿತು. ಯಾರೋ ನಕ್ಕರು. ಆದರೆ ಹಿಂದಿನವು ಹೊರಳಲಿಲ್ಲ. ಹೊರಳುವ ಶಕ್ತಿ ಅವಕ್ಕೆ ಉಳಿದಿರಲಿಲ್ಲ. ಅವು ಕೆಂಪು ಬಟ್ಟೆಯನ್ನು ಸವರಿಕೊಂಡು, ನಮ್ಮ ಕೂದಲಿಗೆ ಗಾಳಿ ತಾಗಿಸುತ್ತ, ನೇರವಾಗಿ ಗಂಬದ ಕಡೆ ಹೋದವು.

ನಾನು ತಿರುಗಿದಾಗ ಇನಾಸ್ ಸನ್ನೆಕೋಲಿಗೆ ಜೋತುಬಿದ್ದಿದ್ದ. ಇಡೀ ಮೈಭಾರ ಹಾಕಿ ಎಳೆಯುತ್ತಿದ್ದ, ಬಾಯಿ ತೆರೆದು ಏನೋ ಕೂಗುತ್ತಿದ್ದ. ಬ್ರೇಕು ಹಿಡಿದ ಮೇಲೂ ಅಷ್ಟು ದೊಡ್ಡ ಕೈಗಳು ಒಮ್ಮೆಗೇ ನಿಲ್ಲುವುದಿಲ್ಲ. ನಿಲ್ಲುವಷ್ಟರಲ್ಲಿ ಆಗಬಾರದ್ದು ಸ್ವಲ್ಪ ಆಗಿಹೋಯಿತು. ಅದರ ಸದ್ದನ್ನು ನಾನಿಲ್ಲಿ ಬರೆಯುವುದಿಲ್ಲ. ಉಳಿದವು ನಿಂತ ಕೈಗಳ ನಡುವೆ ತೂರಿ ಕೆಸರಿಗೆ ಬಿದ್ದಂತೆ ಇಳಿದವು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಹಿಂಡು ಕೂತದ್ದು ಗಂಬದ ಬುಡದಲ್ಲಿ. ಕೈಗಳು ಮತ್ತೆ ತಿರುಗಿದರೆ ಆ ಸದ್ದಿಗೇ ಬೆದರಿ ಎದ್ದು ನೇರ ಅವುಗಳಿಗೇ ಸಿಗುತ್ತವೆ. ಹೊಟ್ಟೆ ತುಂಬಿ, ತಾವಾಗಿ ಹೊರಡುವವರೆಗೆ ಗಂಬ ನಿಂತೇ ಇರಬೇಕು. ಗಾಳಿಯೋ, ಇಷ್ಟು ದಿನ ಬೇಡಿದರೂ ಬಾರದ್ದು, ನಮ್ಮ ಕಿವಿಯ ಪಕ್ಕದಲ್ಲೇ ವ್ಯರ್ಥವಾಗಿ ಬೀಸುತ್ತಿತ್ತು. ಜನ ಇನಾಸನ ಮುಖ ನೋಡಿದರು, ಅವನು ನನ್ನ ಮುಖ ನೋಡಿದ. "ಎಳೆದಾಯ್ತಲ್ಲ," ಎಂದ ಕೊನೆಗೆ. "ಇನ್ನು ಬಿಟ್ರೆ ಎಳೆದದ್ದಕ್ಕೆ ಅರ್ಥ ಇಲ್ಲ." ಅವನು ಸನ್ನೆಕೋಲಿನ ಮೇಲೆಯೇ ಕೂತುಬಿಟ್ಟ. ಯಾರೂ ಅವನನ್ನು ಎಬ್ಬಿಸಲು ಹೋಗಲಿಲ್ಲ.

ಅಷ್ಟರವರೆಗೆ ಬಂದ ನೀರನ್ನು ಕಾಯಿಲೆಯವರಿಗೆ ಮೊದಲು, ಆಮೇಲೆ ಉಳಿದವರಿಗೆ ಲೋಟದಲ್ಲಿ ಹಂಚಿದೆವು. ನನ್ನ ಪಾಲನ್ನು ನಾನೂ ಕುಡಿದೆ. ರೊಜಲಿನಾಳಿಗೆ ನಾನೇ ಚಮಚದಲ್ಲಿ ಕುಡಿಸಿದೆ, ಅರ್ಧ ಕೆನ್ನೆಯ ಮೇಲೆ ಇಳಿಯಿತು. ಗಣಪು ಕುಡಿದದ್ದು ಅವನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಇನ್ನೊಂದು ಲೋಟ ಕೊಡಲು ಇರಲಿಲ್ಲ. ಇಳಿಹೊತ್ತಿಗೆ ಅವನು ತೀರಿಕೊಂಡ. ಆಗಲೂ ಹಕ್ಕಿಗಳು ಕೆಸರಿನಲ್ಲಿ ಕೊಕ್ಕು ಊರಿ ತಿನ್ನುತ್ತಲೇ ಇದ್ದವು.

ಸೂರ್ಯ ಮುಳುಗುವ ಮುಂಚೆ ಒಂದು ಹಕ್ಕಿ ಸಿಳ್ಳೆ ಹಾಕಿತು. ಇನ್ನೊಂದು ಉತ್ತರಿಸಿತು. ಇಡೀ ಬಯಲು ಒಮ್ಮೆಗೇ ಎದ್ದು, ದ್ವೀಪದ ಮೇಲೆ ಒಂದು ಸುತ್ತು ಹಾಕಿ, ಉತ್ತರಕ್ಕೆ ಹೋಯಿತು. ಕೊನೆಯದು ಕಣ್ಮರೆಯಾಗುವವರೆಗೆ ಕಾದು ಇನಾಸ್ ಬ್ರೇಕು ಬಿಟ್ಟ. ಗಾಳಿ ಇನ್ನೂ ಇತ್ತು. ಆ ರಾತ್ರಿಯಿಡೀ ನೀರು ಬಂತು. ರೊಜಲಿನಾ ಬದುಕಿದಳು. ಈಗ ಗೋಡೆ ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಸತ್ತ ಹಕ್ಕಿಗಳನ್ನು ಇನಾಸ್ ಒಬ್ಬನೇ ಆರಿಸಿ ತಂದು ಹೂಳಿದ; ನೆರವಿಗೆ ಹೋದವರನ್ನು ಕೈಸನ್ನೆಯಿಂದಲೇ ಹಿಂದೆ ಕಳಿಸಿದ.

ಮರುದಿನ ಬೆಳಗ್ಗೆ ಉತ್ತರದ ದ್ವೀಪವನ್ನು ಕರೆದೆ. ತುಂಬ ಹೊತ್ತು ಬರೀ ಗೊರಗೊರ ಸದ್ದು. ಸುಕ್ರಿ ಬಾಗಿಲಲ್ಲಿ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ಕೊನೆಗೆ ಆಚೆಯ ದನಿ ಬಂತು: "ಬಂದ್ವು, ಮಾದೇವಕ್ಕ. ಸೋತಿವೆ. ಆದ್ರೂ ಬಂದ್ವು."

ಸುಕ್ರಿ ಕೇಳಿದಳು: "ಅಲ್ಲ ಮಾದೇವಕ್ಕ, ಇವಕ್ಕೆ ಇಳೀಲಿಕ್ಕೆ ನಮ್ಮದೊಂದೇ ಕೆಸರು ಯಾಕೆ? ಬೇರೆಲ್ಲ ಏನಾಯ್ತು?"

ನನಗೆ ತಿಳಿದಷ್ಟು ಹೇಳಿದೆ. ಹಿಂದೆ ಪ್ರತಿ ಹೊಳೆ ಕಡಲು ಸೇರುವಲ್ಲೂ ಕೆಸರು ಬಯಲುಗಳಿದ್ದವಂತೆ. ಅವನ್ನು ಮಣ್ಣು ತುಂಬಿ ಗಟ್ಟಿ ನೆಲ ಮಾಡಿದರಂತೆ. ಆ ಗಟ್ಟಿ ನೆಲವೂ ಈಗ ನೀರಿನಡಿ ಇದೆ.

"ಕೆಸರೇ ಇದ್ದಿದ್ರೆ ನೀರು ಏರಿದ ಹಾಗೆ ಅದೂ ಏರ್ತಿತ್ತು," ಎಂದಳು. ದೋಣಿಯವನ ಮಗಳು, ಹೊಳೆ ಮಣ್ಣು ತಂದು ಹಾಕುವುದನ್ನು ಕಂಡವಳು. "ಯಾರೂ ಬೇಡ ಅನ್ಲಿಲ್ವಾ?"

ನನಗೆ ಗೊತ್ತಿಲ್ಲ ಎಂದೆ. ಅವಳು ಅಪ್ಪನ ಕೆಂಪು ಹಾಯಿಯನ್ನು ಮಡಚಿಕೊಂಡು ಹೋದಳು. ಆ ದಿನದ ಬಗ್ಗೆ ನನ್ನ ಮೇಲೆ ಅವಳಿಗೆ ಸಿಟ್ಟಿದೆಯೋ ಇಲ್ಲವೋ ಈವರೆಗೂ ತಿಳಿದಿಲ್ಲ. ಕೇಳುವ ಧೈರ್ಯ ನನಗಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಊರಿನ ಹೊಳೆ ಬಾಯಲ್ಲಿ, ಯಾರಿಗೂ ಬೇಡವೆನಿಸುವ, ನಾತ ಹೊಡೆಯುವ ಒಂದು ಕೆಸರು ಬಯಲು ಇನ್ನೂ ಇದ್ದೀತು. ನೀರಿಳಿದಾಗ ಅಲ್ಲಿ ಹಕ್ಕಿಗಳು ತಿನ್ನುತ್ತಿದ್ದಾವು. ಅದನ್ನು ಉಳಿಸಲು ಇವತ್ತು ನಿಮ್ಮಲ್ಲಿ ಯಾರೂ ಬಾಯಾರಿ ಸಾಯಬೇಕಾಗಿಲ್ಲ. ಮಣ್ಣಿನ ಲಾರಿ ಬರುವ ದಿನ ಯಾರಾದರೂ ಒಬ್ಬರು ಹೋಗಿ ಬೇಡ ಎನ್ನಿ. ಒಬ್ಬರಿಗೆ ಭಯವಾದರೆ ಇಬ್ಬರು ಹೋಗಿ. ಹೋದವರ ಹೆಸರನ್ನು ಎಲ್ಲಾದರೂ ಬರೆದಿಡಿ, ಸುಕ್ರಿಗೆ ಹೇಳಬೇಕು.

ನಿಮ್ಮ
ಮಾದೇವಿ ಅಂಬಿಗ