ಚೀಟಿ ಅಳಿಸಿಹೋದ ಸೀಸೆಗಳು

ಕಾಡಿನ ಶಿಬಿರ,
ಹದಿನೇಳನೇ ತಾರೀಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಮೂವತ್ತೆರಡಾದರೂ ನನಗೆ ನೀನು ಪುಟ್ಟನೇ, ಮುಖ ಊದಿಸಿಕೊಳ್ಳಬೇಡ. ಈಗಾಗಲೇ ಊದಿದೆ ಎಂದು ಗೊತ್ತು. ಬೆನ್ನು ನೋವು ಹೇಗಿದೆ? ಚಿಕ್ಕಮ್ಮನ ಮನೆಯ ಆ ಕುಳ್ಳ ಸೋಫಾದ ಮೇಲೆ ಕಾಲು ಮಡಚಿ ಮಲಗಿದರೆ ಬೆನ್ನು ಉಳಿದೀತೇ? ನಾನು ಚೆನ್ನಾಗಿದ್ದೇನೆ. ಇಲ್ಲಿನ ಜಿಗಣೆಗಳು ನನಗಿಂತ ಚೆನ್ನಾಗಿವೆ.

ಇಲ್ಲಿ ಬೆಳಕು ನೆಲ ಮುಟ್ಟುವಷ್ಟರಲ್ಲಿ ಹಸಿರಾಗಿರುತ್ತದೆ. ಮಳೆ ನಿಂತ ಮೇಲೂ ಎಲೆಗಳು ಒಂದಕ್ಕೊಂದು ಹನಿ ದಾಟಿಸುತ್ತಲೇ ಇರುತ್ತವೆ. ನಿಂತದ್ದು ಯಾವಾಗ ಎಂದು ಯಾರಿಗೂ ತಿಳಿಯುವುದಿಲ್ಲ. ಓತಿಕೇತ ಹಿಡಿದು, ಬಟ್ಟೆಚೀಲದಲ್ಲಿಟ್ಟು, ಅದು ಹಿಕ್ಕೆ ಹಾಕುವವರೆಗೆ ಕಾದು ಕೂರುವುದೇ ನನ್ನ ಘನ ಉದ್ಯೋಗ. ಹಿಕ್ಕೆ ಸ್ಪಿರಿಟ್ ಸೀಸೆಗೆ, ಓತಿಕೇತ ಮತ್ತೆ ಅದರ ಮರಕ್ಕೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಹುಳದ ಮೊಟ್ಟೆಗಳನ್ನು ಎಣಿಸಬೇಕು. ಒಮ್ಮೊಮ್ಮೆ ಹಸಿ ಹಿಕ್ಕೆಯಲ್ಲಿ ಜೀವಂತ ಹುಳವೇ ಸಿಗುತ್ತದೆ: ಬಿಳಿ ನೂಲಿನ ತುಂಡು, ನಿದ್ದೆಯಲ್ಲಿ ಮಗ್ಗುಲಾಗುವವರಂತೆ ನಿಧಾನವಾಗಿ ಹೊರಳುತ್ತದೆ. ಇಷ್ಟು ದೊಡ್ಡ ಕಾಡಿನಲ್ಲಿ ಅದಕ್ಕೆ ಗೊತ್ತಿದ್ದುದು ಓತಿಕೇತದ ಕತ್ತಲ ಹೊಟ್ಟೆಯೊಂದೇ. ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮೊನ್ನೆ ಸಿಕ್ಕ ಗಂಡು ಓತಿಕೇತದೊಳಗಂತೂ ಹುಳಗಳ ದೊಡ್ಡ ಸಂಸಾರವೇ ಇತ್ತು. ಆದರೂ ಅದು ಕತ್ತೆತ್ತಿ, ಗಂಟಲು ಉಬ್ಬಿಸಿ, ಮನೆ ಯಜಮಾನನ ಗತ್ತಿನಲ್ಲಿ ಮರವೇರಿತು.

ಹೊಟ್ಟೆಯ ಹುಳ ಎಂದಾಗ ನಿನಗೇನು ನೆನಪಾಗುತ್ತದೆಂದು ಬಲ್ಲೆ. ನೀನು ಕೆಲಸಕ್ಕಿದ್ದ ಗಡಿಯಾರದ ಅಂಗಡಿ ಮುಚ್ಚಿ ಎಂಟು ತಿಂಗಳಾಗಿತ್ತು. ಆ ಸಂಜೆ ನಾನು ಈ ಪ್ರವಾಸಕ್ಕೆಂದು ಹೊಸ ಚೀಲ ಕೊಂಡು ಸುಸ್ತಾಗಿ ಬಂದೆ. ನೀನು ಕಾಲು ಚಾಚಿ ಕೂತು "ಅಕ್ಕಾ, ಊಟಕ್ಕೇನು?" ಅಂದೆ. "ನನ್ನ ಓತಿಕೇತದ ಹೊಟ್ಟೇಲಿರೋ ಹುಳಕ್ಕೂ ನಿನಗೂ ಏನೋ ವ್ಯತ್ಯಾಸ?" ಅಂದುಬಿಟ್ಟೆ. ನೀನು ನಕ್ಕೆ. ಬೆಳಿಗ್ಗೆ ನಾನೇಳುವಷ್ಟರಲ್ಲಿ ನಿನ್ನ ಹಾಸಿಗೆ ಮಡಚಿಟ್ಟಿತ್ತು, ನೀನು ಚಿಕ್ಕಮ್ಮನ ಮನೆ ಸೇರಿದ್ದೆ. ಬಾಯಿ ತಪ್ಪಿ ಬಂತು ಎಂದು ಸಬೂಬು ಹೇಳಲಾರೆ. ಚುಚ್ಚಬೇಕೆಂದೇ ಅಂದೆ.

ಅದರ ಫಲವನ್ನೂ ಉಂಡೆ. ಸೀಸೆಯೊಳಗೆ ಹಾಕುವ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು. ಶಾಯಿಯಾದರೆ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ. ಪ್ರತಿ ಸಲ ಪೆನ್ಸಿಲ್‌ಗಳನ್ನು ಚೂಪು ಮಾಡಿ ತಗಡಿನ ಡಬ್ಬಿಯಲ್ಲಿ ಇಟ್ಟುಕೊಡುತ್ತಿದ್ದವನು ನೀನು, ಗಡಿಯಾರ ಬಿಚ್ಚುವ ಆ ಪುಟ್ಟ ಚಾಕುವಿನಲ್ಲಿ. ಈ ಸಲ ಇಲ್ಲಿ ಬಂದು ತೆರೆದರೆ ಡಬ್ಬಿ ಖಾಲಿ. ಅಂಗಡಿ ಒಂದು ದಿನದ ದಾರಿ. ನಾಲ್ಕು ದಿನಕ್ಕೇನಾದೀತು ಎಂದು ಪೆನ್ನಿನಲ್ಲಿ ಬರೆದೆ. ನಿನ್ನೆ ನೋಡುತ್ತೇನೆ, ನಲವತ್ತೊಂದು ಸೀಸೆಗಳಲ್ಲೂ ತಿಳಿನೀಲಿ ಸ್ಪಿರಿಟ್, ಖಾಲಿ ಚೀಟಿ. ಯಾವ ಹುಳ ಯಾವ ಓತಿಕೇತದ್ದೋ ದೇವರೇ ಬಲ್ಲ. ಅಡುಗೆಯವರು ಇಣುಕಿ ನೋಡಿ "ಬಣ್ಣ ಚೆನ್ನಾಗಿದೆ ಮೇಡಂ" ಅಂದರು. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ನಾನೊಬ್ಬಳೇ ನಿನ್ನನ್ನು ಸಾಕುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ ಪುಟ್ಟಾ! ಕಣ್ಣಿಗೆ ಕಾಣದ ಮೊಟ್ಟೆಯನ್ನೂ ಎಣಿಸುವವಳಿಗೆ ನೀನು ಮಾಡುತ್ತಿದ್ದುದು ಮಾತ್ರ ಕಾಣಲಿಲ್ಲ. ಈ ಕಾಗದವೂ ಅದೇ ಪೆನ್ನಿನದು, ಒದ್ದೆ ಮಾಡಿಕೊಳ್ಳದೆ ಓದು.

ಚಿಕ್ಕಮ್ಮನಿಗೆ ನನ್ನ ನೆನಪು ತಿಳಿಸು. ನಿನಗೆ ಬರೀ ಆಶೀರ್ವಾದವಲ್ಲ, ಕ್ಷಮಿಸು ಎಂಬ ಮಾತೂ ಸೇರಿದೆ.

ನಿನ್ನ ಅಕ್ಕ

ವಿ.ಸೂ.: ಇಲ್ಲಿಂದ ಅಕ್ಷರ ಬೂದುಬಣ್ಣಕ್ಕೆ ತಿರುಗಿದೆ, ನೋಡಿದೆಯಾ? ಲಕೋಟೆ ಹುಡುಕುತ್ತಾ ಹೊಸ ಚೀಲವನ್ನು ಬೋರಲು ಹಾಕಿದೆ. ನಾನು ನೋಡಿಯೇ ಇರದ ಒಳಜೇಬಿನಿಂದ ಬಟ್ಟೆ ಸುತ್ತಿದ ಕಟ್ಟೊಂದು ಬಿತ್ತು. ಹನ್ನೆರಡು ಪೆನ್ಸಿಲ್, ಹನ್ನೆರಡೂ ಚೂಪು. ಆ ಚೀಲ ಮನೆಗೆ ಬಂದದ್ದೇ ಜಗಳದ ಸಂಜೆ. ಅಂದರೆ ನನ್ನ ಬಾಯಿಂದ ಆ ಮಾತು ಕೇಳಿದ ಮೇಲೆ ಕೂತು ಚೂಪು ಮಾಡಿಟ್ಟು ಹೋಗಿದ್ದೀಯ. ಇಪ್ಪತ್ತೈದಕ್ಕೆ ಮನೆಗೆ ಬರುತ್ತೇನೆ. ಬೀಗದ ಕೈ ಎದುರುಮನೆಯ ದರ್ಜಿಯ ಹತ್ತಿರ ಇದೆ. ನಾನು ಬರುವಷ್ಟರಲ್ಲಿ ನೀನು ಒಳಗಿರಬೇಕು. ಕಾಲು ಚಾಚಿ ಕೂತು, "ಅಕ್ಕಾ, ಊಟಕ್ಕೇನು?" ಅಂತ ಕೇಳು.