ಕುಕ್ಕರ್ ಇಡದೆ ಬಂದ ಸದ್ದು

ಆಳಂದ
12 ಜನವರಿ 2025

ಮಗಳು ಭುವನೇಶ್ವರಿಗೆ ನಿನ್ನಪ್ಪನ ಆಶೀರ್ವಾದ.

ನಿನ್ನತ್ತೆ ಬಾಳಮ್ಮನವರ ಮೊಣಕಾಲು ನೋವು ಇಳಿಯಿತೇ? ಮೊಮ್ಮಗಳು ಸೀಮಾಳ ಕೆಮ್ಮು ಹೋಯಿತೇ? ಅಳಿಯ ಕಲ್ಯಾಣಕುಮಾರರು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೋ ಇಲ್ಲವೋ? ನಾನೂ ನಿನ್ನವ್ವ ಸುಭದ್ರಾಬಾಯಿಯೂ ಆರಾಮ ಇದ್ದೇವೆ.

ನೀನು ನಾಲ್ಕು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. "ಹಳೇ ಬಸ್ಸಿನ್ಯಾಗ ಮನಿ ಮಾಡೀವಿ ಅಂತ ಅಪ್ಪಗ ಸಿಟ್ಟದ" ಎಂದು ಅವ್ವನ ಮುಂದೆ ಕಣ್ಣೀರು ಹಾಕಿದೆಯಂತೆ. ಸಿಟ್ಟಿಲ್ಲ ತಾಯಿ. ಮೂವತ್ತು ವರ್ಷ ಬಸ್ಸಿನ ಕೆಳಗೆ ಮಲಗಿ ರಿಪೇರಿ ಮಾಡಿದವನಿಗೆ ಬಸ್ಸೊಳಗೆ ಮಂಚ, ಒಲೆ ಕಂಡರೆ ಸಿಟ್ಟು ಯಾಕೆ ಬಂದೀತು?

ತಪ್ಪು ನನ್ನದೇ. ನೀವು ತಪಾಸಣೆಗೆಂದು ಗಾಡಿಯನ್ನು ನನ್ನ ಹತ್ತಿರ ಬಿಟ್ಟುಹೋದ ದಿನ "ಗಾಳಿ ಎಲ್ಲೂ ಸೋರಂಗಿಲ್ರಿ, ಬರಾಬ್ಬರಿ ಅದ" ಎಂದು ಅಳಿಯನಿಗೆ ಹೇಳಿಬಿಟ್ಟೆ. ಮರುದಿನ ನೋಡಿದರೆ ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಸೊನ್ನೆಗೆ ಬಿದ್ದಿತ್ತು. ಬ್ರೇಕ್ ಹಿಡಿಯುವುದೇ ಆ ಗಾಳಿಯಿಂದ. ಬಾಳಮ್ಮನವರಿಗೆ ಸಮುದ್ರ ತೋರಿಸಲು ಘಟ್ಟ ಇಳಿಯಬೇಕಾದ ಗಾಡಿ!

ಜೊತೆಗೆ ಕೆಲಸ ಮಾಡಿದ್ದ ಫಯಾಜನನ್ನು ಕರೆಸಿದೆ. ಗಾಳಿ ತುಂಬಿಸಿ, ಎಂಜಿನ್ ಬಂದ್ ಮಾಡಿ, ಗಾಡಿಯ ಕೆಳಗಿನ ಒಂದೊಂದು ಜಾಯಿಂಟಿಗೂ ಸಾಬೂನಿನ ನೀರು ಹಚ್ಚಿದೆವು. ಎಲ್ಲೂ ಗುಳ್ಳೆ ಏಳಲಿಲ್ಲ. ಮುಳ್ಳು ಮಾತ್ರ ಇಳಿಯುತ್ತಲೇ ಇತ್ತು. "ಏನ್ ಮಲ್ಲಣ್ಣ, ಮೊದ್ಲ ದೂರ ನಿಂತೇ ಲೀಕ್ ಹೇಳ್ತಿದ್ದಿ, ಈಗ ಗಾಡಿಗಿ ಜಳಕಾ ಮಾಡಸಾಕತ್ತಿ?" ಎಂದು ಫಯಾಜ ನಕ್ಕ. ನಾನೂ ನಕ್ಕೆ.

ಚಹಾ ತಂದ ನಿನ್ನವ್ವ ನಿನ್ನ ಅಡುಗೆಮನೆ ನೋಡಬೇಕೆಂದು ಬಸ್ಸು ಹತ್ತಿದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನ್ರೀ, ಇಲ್ಲಿ ಕುಕ್ಕರೇ ಇಟ್ಟಿಲ್ಲ, ಸುಯ್ ಅಂತ ಏನ್ ಅನ್ನಾಕತ್ತದ?" ಎಂದಳು. ಫಯಾಜ ಹೋಗಿ ಒಲೆಯ ಕೆಳಗಿನ ಕಪಾಟು ಬಿಚ್ಚಿದ. ಕಪಾಟು ಮಾಡಿದ ಬಡಿಗ ಹೊಡೆದ ಸ್ಕ್ರೂ, ಬ್ರೇಕಿನ ಟ್ಯಾಂಕಿನಿಂದಲೇ ಬಸ್ಸಿನ ಬಾಗಿಲು ತೆರೆಯಲು ಹೋಗುವ ಗಾಳಿ ಪೈಪಿಗೆ ಚುಚ್ಚಿತ್ತು. ಸಾಬೂನು ಹಚ್ಚಿದರೆ ಹಾಲು ಉಕ್ಕಿದ ಹಾಗೆ ನೊರೆ! ಪೈಪು ಬದಲಿಸಿದೆವು. ಮೂರು ದಿನದಿಂದ ಮುಳ್ಳು ಇಳಿದಿಲ್ಲ. ಇನ್ನು ಧೈರ್ಯವಾಗಿ ಘಟ್ಟ ಇಳಿಯಿರಿ.

ಇಂತಿ,
ನಿನ್ನಪ್ಪ ಮಲ್ಲಣ್ಣ

ತಾ.ಕ.: ಆ ಸುಯ್ ಸದ್ದು ನಿನ್ನವ್ವನಿಗೆ ಕೇಳಿತು, ಫಯಾಜನಿಗೆ ಕೇಳಿತು. ಪೈಪಿಗೆ ಕಿವಿ ಹಚ್ಚಿದರೂ ನನಗೆ ಕೇಳಲಿಲ್ಲ. ಮೊದಲ ದಿನ "ಬರಾಬ್ಬರಿ ಅದ" ಎಂದದ್ದೂ ಸದ್ದಿಲ್ಲವೆಂದೇ ತಿಳಿದು. ಫೋನಿನಲ್ಲಿ ನಿನ್ನ ಮಾತೂ ತಿಳಿಯುವುದಿಲ್ಲ, ಅದಕ್ಕೇ ಎತ್ತಲಿಲ್ಲ. ಗಾಡಿ ಒಯ್ಯಲು ಬಂದಾಗ ನನ್ನನ್ನು ಕಲಬುರಗಿಯ ಕಿವಿ ಡಾಕ್ಟರಿಗೆ ತೋರಿಸು. ಅಲ್ಲಿಯವರೆಗೆ ಕಾಗದವನ್ನೇ ಬೇಗ ಬರೆ. ಅಕ್ಷರ ಸಣ್ಣದಿದ್ದರೂ ನಡೆದೀತು, ಕಣ್ಣು ಇನ್ನೂ ಗಟ್ಟಿ ಇವೆ.