ಸತ್ತವನೂ ಬದುಕಿದವನೂ ಒಬ್ಬನೇ

ನವೆಂಬರ್ ೯, ಭಾನುವಾರ

ಪ್ರೀತಿಯ ಚಿನ್ನು,

ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಮಾತಾಡಿದರೆ ನಿನ್ನ ಅಕ್ಕ ಏನಾದರೂ ಹೇಳಿ ಜಾರಿಕೊಳ್ಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ನಮ್ಮ ಊಟದ ಮೇಜಿನ ಮೇಲೆ ನಿನ್ನ ನಿಯಮಗಳ ಪುಸ್ತಕ ಇಟ್ಟುಕೊಂಡು ಆಡಿದೆವು. ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ನಮ್ಮ ಹಳೆಯ ಆಟವೇ. ಈಗ ಗಟ್ಟಿ ರಟ್ಟಿನಲ್ಲಿ, ನಿನ್ನ ಹೆಸರಿನಲ್ಲಿ. ನಮ್ಮ ಜೊತೆ ಆಡುವ ಔಷಧದಂಗಡಿಯವರು ಮೂರು ವರ್ಷದಿಂದ ಜೋಪಾನ ಮಾಡಿಕೊಂಡು ಬಂದ ಪಾತ್ರ, ಆ ದೋಣಿಗಾರನಿಗೆ ಬಾಣ ತಗುಲಿ ಅವನ ಬಲ ಸೊನ್ನೆಗಿಳಿಯಿತು. ನಲವತ್ತೆರಡನೆಯ ಪುಟದ ಪ್ರಕಾರ ಅವನು ಸತ್ತ. ನೂರ ಹದಿನೆಂಟರ ಪ್ರಕಾರ ಬದುಕಿಕೊಳ್ಳಲು ಅವನಿಗೆ ಇನ್ನೊಂದು ದಾಳ ಬಾಕಿ.

“ಒಂದು ಪುಟದಲ್ಲಿ ಸಾಯಿಸ್ತಾರೆ, ಇನ್ನೊಂದರಲ್ಲಿ ಬದುಕಿಸ್ತಾರೆ! ಅಚ್ಚು ಹಾಕಿದೋರೇ ಒಂದು ಮಾತಿಗೆ ನಿಲ್ಲದಿದ್ರೆ ನಾವು ಏನನ್ನ ನಂಬಿ ಆಡೋದು?” ಎಂದು ಅವರು ಕೂಗಾಡಿದರು. ಜೊತೆಗೆ ಆಡುತ್ತಿದ್ದ ಡ್ರೈವಿಂಗ್ ಕಲಿಸುವವರು ನನ್ನ ಕಡೆ ತಿರುಗಿ, “ನಿಮ್ಮ ತಂಗಿ ಪುಸ್ತಕ ತಾನೇ? ನೀವೇ ಹೇಳಿ,” ಅಂದರು.

ನನಗೆ ನಾಚಿಕೆಯಾಗಬೇಕಿತ್ತು. ಹೊಟ್ಟೆ ತಣ್ಣಗಾಯಿತು.

ಹತ್ತು ವರ್ಷ ಆ ಕಥೆಗಳನ್ನು ಬಾಯಿ ನೋಯುವಷ್ಟು ಹೇಳಿದವಳು ನಾನು. ಪಕ್ಕದಲ್ಲಿ ಕೂತು ನಿಯಮ ಬರೆದುಕೊಂಡವಳು ನೀನು. ನಿನ್ನ ಫೋಟೋ ಪತ್ರಿಕೆಯಲ್ಲಿ ಬಂದ ದಿನ ನಾನು ರಕ್ತಪರೀಕ್ಷೆಯ ಕೌಂಟರಿನಲ್ಲಿ ಹೆಸರು ಕೂಗುತ್ತಿದ್ದೆ. ಜೊತೆಯವಳು ತೋರಿಸಿದಾಗ “ಹೌದಾ? ನೋಡೇ ಇಲ್ಲ” ಅಂದೆ. ಬ್ಯಾಗಿನಲ್ಲಿ ಅದೇ ಪತ್ರಿಕೆಯ ಎರಡು ಪ್ರತಿ ಇದ್ದವು.

ಆಟ ಅಲ್ಲಿಗೇ ನಿಂತಿತು. ಔಷಧದಂಗಡಿಯವರು ಪ್ರಕಾಶಕರಿಗೆ ಖಾರವಾಗಿ ಬರೆದರು. ಅಂಥ ದೂರುಗಳು ಎಷ್ಟೋ ಹೋಗಿದ್ದವಂತೆ. ಎರಡನೆಯ ಭಾಗವನ್ನು ಬೇರೆಯವರಿಂದ ಬರೆಸುತ್ತಾರೆಂದು ನೀನು ಅಮ್ಮನ ಹತ್ತಿರ ಅಳುತ್ತ ಹೇಳಿಕೊಂಡೆಯಂತೆ. “ತಪ್ಪೆಲ್ಲ ನಂದೇ ಅಮ್ಮಾ. ಅಕ್ಕ ಸರಿಯಾಗೇ ನೋಡಿರ್ತಾಳೆ” ಅಂದೆಯಂತೆ.

ನೋಡಿದ್ದೆ, ಚಿನ್ನು. ಅಚ್ಚಿಗೆ ಮುಂಚೆ ನಿನ್ನ ಮಾತಿನ ಮೇಲೆ ಪ್ರಕಾಶಕರು ನನಗೆ ಕರಡು ಕಳಿಸಿದಾಗ ಎರಡೂ ಪುಟಕ್ಕೆ ಪೆನ್ಸಿಲ್ ಗುರುತು ಹಾಕಿದ್ದೆ. ಆಮೇಲೆ ಮೊದಲ ಪುಟಕ್ಕೆ ಬಂದೆ. ನಿನ್ನ ಹೆಸರೊಂದೇ ಇತ್ತು. ರಬ್ಬರಿನಿಂದ ಗುರುತು ಅಳಿಸಿ, “ಎಲ್ಲ ಸರಿಯಿದೆ” ಎಂದು ಸಹಿ ಹಾಕಿ ಕಳಿಸಿಬಿಟ್ಟೆ.

ಆಡುವವರು ಕೇಳುವುದು ಅತಿಯೇನಲ್ಲ: ಎಲ್ಲಿ ತೆರೆದರೂ ಪುಸ್ತಕ ಒಂದೇ ಮಾತು ಹೇಳಬೇಕು. ಅಷ್ಟನ್ನೂ ಕೊಡಲು ನಾನು ನಿನ್ನನ್ನು ಬಿಡಲಿಲ್ಲ. ಕ್ಷಮಿಸು ಎಂದು ಬರೆಯಲು ಕೈ ಏಳುತ್ತಿಲ್ಲ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ನಿನ್ನ
ಅಕ್ಕ

ತಾ.ಕ.: ಪ್ರಕಾಶಕರಿಗೂ ಇದನ್ನೆಲ್ಲ ಬರೆದಿದ್ದೇನೆ. ಆ ಪತ್ರವನ್ನು ನಿನ್ನೆಯೇ ಅಂಚೆಗೆ ಹಾಕಿದೆ. ಮೊದಲು ನಿನಗೆ ಹೇಳಿದ್ದರೆ ನೀನು “ಬಿಡಕ್ಕ, ಹೋಗ್ಲಿ” ಅನ್ನುತ್ತಿದ್ದೆ, ನಾನು ಖುಷಿಯಾಗಿ ಬಿಟ್ಟುಬಿಡುತ್ತಿದ್ದೆ. ಮರುಮುದ್ರಣದಲ್ಲಿ ನನ್ನ ಹೆಸರು ಹಾಕಿಸಬೇಡ. ಹಾಕಿಸಿದರೆ ನಿನ್ನದಕ್ಕಿಂತ ಎಷ್ಟು ಚಿಕ್ಕದಿದೆ ಎಂದು ಸ್ಕೇಲ್ ಹಿಡಿದು ಅಳೆಯುತ್ತೇನೆ.